ಒಂದು ಹಗಲಿನ ಬೆಂಗಳೂರು

ಗುಬ್ಬಿಯವರಿಗೆ ಬೆಂಗಳೂರು ಯಾವಾಗಲೂ ಒಂದು ಹಗಲಿನ ಊರು. ಬೆಳಗಿನ ಗಾಡಿಗೆ ಹೋಗುವುದು, ಸಂಜೆ ಗಾಡಿಗೆ ಬರುವುದು. ನಮ್ಮ ಕಡೆಗೆ ರೈಲು ಬಂದದ್ದು 1880ರ ದಶಕದಲ್ಲಿ. ಅಂದಿನಿಂದಲೂ ನಮ್ಮವರು ಆ ಊರನ್ನು ಅಳೆಯುತ್ತ ಬಂದದ್ದು ಹೀಗೆಯೇ ಇರಬೇಕು. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್, ಗುಬ್ಬಿಯಿಂದ ತುಮಕೂರಿಗೆ ಇನ್ನೊಂದು 20. ಅಲ್ಲೇ ತಂಗಿ ಬರುವಷ್ಟು ದೂರವಲ್ಲ, ಮನಸ್ಸು ಬಂದಾಗ ಹೋಗಿಬರುವಷ್ಟು ಹತ್ತಿರವೂ ಅಲ್ಲ. ಹೋಗಬೇಕೆಂದರೆ ಒಂದು ಕೆಲಸ ಇರಬೇಕಿತ್ತು. ದೊಡ್ಡಾಸ್ಪತ್ರೆಗೆ ಯಾರನ್ನೋ ತೋರಿಸುವುದು, ಹೈಕೋರ್ಟಿನ ವಾಯಿದೆ, ಮದುವೆಗೆ ಚಿಕ್ಕಪೇಟೆಯಲ್ಲಿ ಜವಳಿ, ಅಡಿಕೆ-ಕೊಬ್ಬರಿ ವ್ಯಾಪಾರದವರಿಗೆ ಬಾಕಿ ವಸೂಲಿ. ಊರು ನೋಡುವುದೇನಿದ್ದರೂ ಆಮೇಲಿನ ಮಾತು. ಕೆಲಸ ಬೇಗ ಮುಗಿದರೆ ಲಾಲ್‌ಬಾಗು, ಮುಗಿಯದಿದ್ದರೆ ಮೆಜೆಸ್ಟಿಕ್ಕಿನ ಫುಟ್‌ಪಾತು.

ಬರೀ ನೋಡುವುದಕ್ಕೆಂದೇ ಬೆಂಗಳೂರಿಗೆ ಹೋಗಬಹುದು ಎಂದು ನನಗೆ ತೋರಿಸಿಕೊಟ್ಟವರು ನನ್ನ ಸೋದರತ್ತೆ. ಅವರನ್ನು ಕುಣಿಗಲ್ಲಿಗೆ ಕೊಟ್ಟಿದ್ದರು. ಅಲ್ಲೇ ಪ್ರೈಮರಿ ಶಾಲೆಯಲ್ಲಿ ಟೀಚರು. ದಸರಾ ರಜೆಗೆ, ಬೇಸಿಗೆ ರಜೆಗೆ ತವರಿಗೆ ಬರುತ್ತಿದ್ದರು. ಬಂದ ಎರಡು ಮೂರು ದಿನಕ್ಕೆಲ್ಲ, ರಾತ್ರಿ ಊಟವಾದ ಮೇಲೆ, ಎಲೆ ಅಡಿಕೆ ಹಾಕಿಕೊಳ್ಳುತ್ತ ಅಪ್ಪನನ್ನು ಕೇಳುವರು: "ಅಣ್ಣಾ, ನಾಡಿದ್ದು ಹುಡುಗ್ರುನ್ನ ಬೆಂಗ್ಳೂರಿಗೆ ಕರ್ಕೊಂಡು ಹೋಗ್ಬರ್ಲಾ?" ಅಪ್ಪ "ಅಲ್ಲೇನು ಕೆಲಸ?" ಎನ್ನುವರು. "ಕೆಲಸ ಏನಿಲ್ಲ, ನೋಡ್ಕೊಂಡು ಬರ್ತೀವಿ" ಎನ್ನುವರು ಅತ್ತೆ. ಆ ಉತ್ತರಕ್ಕೆ ಅಪ್ಪನ ಬಳಿ ಪ್ರತಿ ಉತ್ತರ ಇರುತ್ತಿರಲಿಲ್ಲ. ಇದು 1980ರ ದಶಕದ ಮಾತು, ನಮ್ಮ ಹಳಿಗಳಿನ್ನೂ ಮೀಟರ್‌ಗೇಜ್ ಇದ್ದ ಕಾಲ.

ನಾನು ಆಮೇಲೆ ದೊಡ್ಡ ದೊಡ್ಡ ಊರುಗಳನ್ನು ನೋಡಿದ್ದೇನೆ, ರಜೆ ಹಾಕಿ, ಹೋಟೆಲಿನಲ್ಲಿ ರೂಮು ಮಾಡಿ. ಆದರೆ ಕಡಿಮೆ ಹೊತ್ತಿನಲ್ಲಿ ಒಂದು ದೊಡ್ಡ ಊರನ್ನು ನೋಡುವುದು ಹೇಗೆ ಎಂಬುದರಲ್ಲಿ ನನಗೆ ಗೊತ್ತಿರುವುದೆಲ್ಲ ಅತ್ತೆಯಿಂದ ಬಂದದ್ದು. ಅವರು ಅದನ್ನು ಪಾಠವೆಂದು ಹೇಳಲಿಲ್ಲ. ಮಾಡಿದರು, ನಾವು ಜೊತೆಗಿದ್ದೆವು.

ಹೊರಡುವ ಹಿಂದಿನ ದಿನವೇ ಅರ್ಧ ಪ್ರಯಾಣ ಮುಗಿದಿರುತ್ತಿತ್ತು. ನಮ್ಮ ಬೀದಿಯಲ್ಲಿ ದಿನಾ ಬೆಂಗಳೂರಿಗೆ ಹೋಗಿಬರುವ ಪಾಸಿನವರು ಇದ್ದರು, ಸರ್ಕಾರಿ ಕಚೇರಿ, ಬ್ಯಾಂಕು, ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು. ಅತ್ತೆ ಸಂಜೆ ಅವರ ಮನೆಗೆ ಹೋಗಿ ವಿಚಾರಿಸುವರು. ಈಗ ಗಾಡಿ ಎಷ್ಟು ಹೊತ್ತಿಗೆ ಮುಟ್ಟುತ್ತಿದೆ? ಯಶವಂತಪುರದಲ್ಲಿ ಇಳಿಯುವುದು ಒಳ್ಳೆಯದೋ ಸಿಟಿ ಸ್ಟೇಷನ್ನಿಗೇ ಹೋಗುವುದೋ? ಅಲ್ಲಿಂದ ಎಷ್ಟನೇ ನಂಬರ್ ಬಸ್ಸು? ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ ಎಂಬುದು ನಮ್ಮ ಮನೆಯಲ್ಲಿ ಏಕಾದಶಿಯಷ್ಟೇ ಖಚಿತವಾಗಿ ಎಲ್ಲರಿಗೂ ಗೊತ್ತಿತ್ತು. ಇಷ್ಟೆಲ್ಲ ವಿಚಾರಿಸಿ ಬಂದು ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದಿಡುವರು. ಆ ಹಾಳೆಯ ತುದಿಯಲ್ಲಿ, ದೊಡ್ಡದಾಗಿ, ವಾಪಸು ಬರುವ ಗಾಡಿಯ ಹೊತ್ತು. ದಿನದ ಲೆಕ್ಕವನ್ನೆಲ್ಲ ಅವರು ಅಲ್ಲಿಂದ ಹಿಂದಕ್ಕೆ ಹಾಕುತ್ತಿದ್ದರು. ಸಂಜೆ ಗಾಡಿಗೆ ಒಂದು ಗಂಟೆ ಮುಂಚೆ ಸ್ಟೇಷನ್, ಅದಕ್ಕೆ ಮುಂಚೆ ಬಸ್ಸಿಗೆ ಇಷ್ಟು, ಊಟಕ್ಕೆ ಇಷ್ಟು. ಉಳಿದದ್ದು ನೋಡುವುದಕ್ಕೆ. ಉಳಿದದ್ದು ಎಷ್ಟೆಂದು ಸ್ಪಷ್ಟವಾಗಿ ಕಂಡ ಮೇಲೆ ಹತ್ತು ಜಾಗದ ಆಸೆ ತಾನೇ ಬಿಟ್ಟುಹೋಗುತ್ತದೆ. ನಾವು ಮಕ್ಕಳು ವಿಧಾನಸೌಧ, ಲಾಲ್‌ಬಾಗು, ಮ್ಯೂಸಿಯಂ, ಪುಟಾಣಿ ರೈಲು ಎಂದು ಒದರುತ್ತಿದ್ದರೆ ಅತ್ತೆ, "ಒಂದು ಹೇಳ್ರೋ, ಒಂದು" ಎನ್ನುವರು. ಜಗಳವಾಡಿ ಒಂದನ್ನು ಆರಿಸುತ್ತಿದ್ದೆವು. ಸೋತವರ ಜಾಗಕ್ಕೆ ಮುಂದಿನ ರಜೆ. ಅವರು ಮಾತು ತಪ್ಪುತ್ತಿರಲಿಲ್ಲ, ಅದಕ್ಕೇ ಸೋಲುವುದೂ ಅಷ್ಟೊಂದು ಕಷ್ಟವಾಗುತ್ತಿರಲಿಲ್ಲ.

ಗಾಡಿಯಲ್ಲಿ ಪಾಸಿನವರು ತಮ್ಮ ತಮ್ಮ ಮೂಲೆ ಹಿಡಿದು ಮಂಡಿಯ ಮೇಲೆ ಟವೆಲ್ ಹರಡಿ ಇಸ್ಪೀಟು ಹಾಕುವರು. ಮಕ್ಕಳೆಂದು ಕಿಟಕಿ ಬಿಟ್ಟುಕೊಡುವರು. ಮಲ್ಲಸಂದ್ರ, ತುಮಕೂರು, ಕ್ಯಾತ್ಸಂದ್ರ. ಅಲ್ಲಿ ಸಿದ್ಧಗಂಗೆಯ ಬೆಟ್ಟ ಕಂಡಾಗ ಬೋಗಿಯಲ್ಲಿ ಅರ್ಧ ಜನ ಕೈ ಮುಗಿಯುವರು, ಎಲೆ ಕಲಸುತ್ತಿದ್ದವನೂ ಎಲೆ ಕೆಳಗಿಟ್ಟು ಮುಗಿಯುವನು. ಆಮೇಲೆ ಹಿರೇಹಳ್ಳಿ, ನಿಡವಂದ, ದೊಡ್ಡಬೆಲೆ, ಸೋಲದೇವನಹಳ್ಳಿ. ಚಿಕ್ಕಬಾಣಾವರ ದಾಟುವಷ್ಟರಲ್ಲಿ ಅತ್ತೆ ಬುತ್ತಿ ಬಿಚ್ಚಿ ನಮಗೆಲ್ಲ ತಿನ್ನಿಸಿ ಮುಗಿಸಿರುತ್ತಿದ್ದರು. ಬೆಂಗಳೂರಿನಲ್ಲಿ ಬೆಳಗಿನ ಹೊತ್ತು ತಿಂಡಿಗೆ ಕೂರುವುದಕ್ಕಲ್ಲ ಎಂಬುದು ಅವರ ಎಣಿಕೆ. ಬಿಸಿಲು ಏರುವ ಮೊದಲಿನ ಎರಡು ಗಂಟೆ ದಿನದಲ್ಲೇ ಬೆಲೆ ಬಾಳುವ ಹೊತ್ತು, ಕಾಲು ಹೊಸದಾಗಿರುತ್ತದೆ, ಕಣ್ಣೂ ಹೊಸದಾಗಿರುತ್ತದೆ, ಜನ ಕಡಿಮೆ. ಈ ಮಾತು ನನಗೆ ಎಲ್ಲ ಊರುಗಳಲ್ಲೂ ನಿಜವಾಗಿ ಕಂಡಿದೆ.

ಮ್ಯೂಸಿಯಂ ಗೆದ್ದ ದಿನದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕಸ್ತೂರ್ಬಾ ರಸ್ತೆಯಲ್ಲಿ ಕಬ್ಬನ್ ಪಾರ್ಕಿಗೆ ಅಂಟಿಕೊಂಡ ಹಾಗೆ ಕೆಂಪು ಕಟ್ಟಡ. 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯ, ಈಗಿನ ಕಟ್ಟಡಕ್ಕೆ ಬಂದದ್ದು 1877ರಲ್ಲಿ. ಅದರ ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ, ಇನ್ನೊಂದು ಪಕ್ಕದಲ್ಲೇ ವಿಶ್ವೇಶ್ವರಯ್ಯ ಮ್ಯೂಸಿಯಂ. ಮೂರು ಬಾಗಿಲು ಒಂದೇ ಸಾಲಿನಲ್ಲಿ! ನನ್ನ ತಮ್ಮ ಯಂತ್ರಗಳು ತಿರುಗುವುದನ್ನು ನೋಡಬೇಕೆಂದು ಅತ್ತೆಯ ಸೆರಗು ಹಿಡಿದು ಎಳೆದ. ಅತ್ತೆ ಅವನ ತಲೆ ಸವರಿ, "ಅದು ಓಡಿಹೋಗಲ್ಲ ಕಣೋ, ಮುಂದಿನ್ಸಲ ಅದೊಂದಕ್ಕೇ ಬರೋಣ" ಎಂದರು. ನಾವು ಕೆಂಪು ಕಟ್ಟಡದೊಳಗೆ ಹೋದೆವು. ಒಳಗೆ ಹೋದ ಮೇಲೂ ಅತ್ತೆ ಎಲ್ಲವನ್ನೂ ತೋರಿಸಲಿಲ್ಲ. ನಾಣ್ಯ, ಕತ್ತಿ, ಶಿಲ್ಪ ಎಲ್ಲವನ್ನೂ ದಾಟಿಸಿಕೊಂಡು ಹೋಗಿ ಒಂದು ಕಲ್ಲಿನ ಮುಂದೆ ನಿಲ್ಲಿಸಿದರು.

ಆ ಕಲ್ಲಿನ ಮೇಲೆ ಒಂದು ನಾಯಿ ಒಂದು ಹಂದಿಯ ಮೇಲೆ ಬಿದ್ದು ಕಾದುತ್ತಿತ್ತು.

ಅದು ಆತಕೂರಿನ ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು, ಕ್ರಿ.ಶ. 949-50ರ ಕಾಲದ್ದು. ಅತ್ತೆ ಅಲ್ಲೇ ನಿಂತು ಕಥೆ ಹೇಳಿದರು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಯುದ್ಧ ಮಾಡಿದ. ಗಂಗರ ಬೂತುಗ ಕೃಷ್ಣನ ಕಡೆ. ರಾಜಾದಿತ್ಯ ಆ ಯುದ್ಧದಲ್ಲಿ ಸತ್ತ. ಬೂತುಗನ ಕಡೆಯ ವೀರ ಮಣಲರ ಚೆನ್ನಾಗಿ ಕಾದಿದ. ಏನು ಬೇಕು ಕೇಳು ಎಂದಾಗ ಅವನು ಹೊನ್ನು ಕೇಳಲಿಲ್ಲ, ದೊರೆಯ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿಯನ್ನು ಕೆಳಲೆ ನಾಡಿನ ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಕಾಳಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅಲ್ಲಿನ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಎಂದೂ ಬರೆಸಿದರು.

ನಮ್ಮ ಮನೆಯಲ್ಲೂ ನಾಯಿ ಇತ್ತು. ನಾಯಿಗೆ ಒಂದು ಕಲ್ಲು, ಕಲ್ಲಿಗೊಂದು ಗದ್ದೆ, ಅದಕ್ಕೆ ಸಾವಿರ ವರ್ಷದ ಹೆಸರು ಎಂದರೆ ಹತ್ತು ವರ್ಷದ ನನಗೆ ಮೈ ಜುಮ್ಮೆಂದಿತ್ತು. ಅತ್ತೆ ನಮ್ಮನ್ನು ಅಲ್ಲಿಂದ ಅವಸರದಿಂದ ಎಬ್ಬಿಸಲಿಲ್ಲ. ಅಕ್ಷರಗಳಲ್ಲಿ ಗುರುತು ಸಿಗುವುದು ಯಾವುದಿದೆ ಹುಡುಕಿ ಎಂದರು. ಒಂದೆರಡು ನಮ್ಮ ಅಕ್ಷರದ ಹಾಗೇ ಕಂಡವು, ಉಳಿದವು ಕಾಣಲಿಲ್ಲ. ಯಂತ್ರಕ್ಕೆಂದು ಅತ್ತಿದ್ದ ತಮ್ಮ ನೆಲದ ಮೇಲೆ ಕೂತು ನಾಯಿಯ ಚಿತ್ರ ಬರೆದುಕೊಂಡ. ಬೇರೆ ಜನ ಬಂದು, ಕ್ಷಣ ನಿಂತು, ಮುಂದೆ ಹೋಗುತ್ತಿದ್ದರು. ಮಧ್ಯಾಹ್ನ ಕಬ್ಬನ್ ಪಾರ್ಕಿನ ಮರದ ಕೆಳಗೆ ಮೊಸರನ್ನ ತಿಂದು, ಅಠಾರ ಕಚೇರಿಯ ಕೆಂಪನ್ನೂ ಎದುರಿನ ವಿಧಾನಸೌಧದ ಬಿಳುಪನ್ನೂ ಹೊರಗಿನಿಂದಲೇ ನೋಡಿಕೊಂಡು ಸ್ಟೇಷನ್ ಹಾದಿ ಹಿಡಿದೆವು. ಬೆಂಗಳೂರಿನಲ್ಲಿ ಆ ದಿನ ನಾವು ನೋಡಿದ್ದು ಒಂದು ನಾಯಿಯನ್ನು ಎಂದು ಅಜ್ಜಿಗೆ ಹೇಳಿದಾಗ ಅಜ್ಜಿ ಎರಡು ಸಲ ಕೇಳಿ ಕಥೆ ಹೇಳಿಸಿಕೊಂಡರು. ಆಮೇಲೆ ಬೀದಿಯವರಿಗೆಲ್ಲ ಅವರೇ ಹೇಳುತ್ತಿದ್ದರು.

ಲಾಲ್‌ಬಾಗಿಗೆ ಫಲಪುಷ್ಪ ಪ್ರದರ್ಶನದ ಹೊತ್ತಿನಲ್ಲಿ ಅತ್ತೆ ಕರೆದುಕೊಂಡು ಹೋಗುತ್ತಿರಲಿಲ್ಲ. ಜನವರಿ, ಆಗಸ್ಟ್ ಬಿಟ್ಟು ಯಾವುದೋ ಸಾದಾ ದಿನ. 1889ರಲ್ಲಿ ಅಡಿಪಾಯ ಬಿದ್ದ ಗಾಜಿನ ಮನೆ ಅಂಥ ದಿನ ಬರಿದಾಗಿರುತ್ತದೆ. ಬರಿದಾಗಿದ್ದಾಗಲೇ ಅದರ ಕಬ್ಬಿಣದ ಕೆಲಸ ಕಣ್ಣಿಗೆ ಬೀಳುವುದು. ಹೂವಿದ್ದಾಗ ಮನೆ ಕಾಣುವುದಿಲ್ಲ. ಹೈದರಾಲಿ 1760ರಲ್ಲಿ ಹಾಕಿದ ತೋಟ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸಿ ಅತ್ತೆ ನೇರ ಬಂಡೆಗೆ ಹೋಗುವರು. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನದವರ ಲೆಕ್ಕ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಅಲ್ಲಿ ನಿಂತು ಅತ್ತೆ ಪಶ್ಚಿಮಕ್ಕೆ ಕೈ ತೋರಿಸಿ, "ಆ ಕಡೆ ನಮ್ಮ ಕುಣಿಗಲ್ಲು. ಅಲ್ಲಿ ಹುತ್ರಿದುರ್ಗ, ಹುಲಿಯೂರುದುರ್ಗ. ಅವೂ ಕೆಂಪೇಗೌಡರ ಮನೆತನದವೇ" ಎನ್ನುವರು. ಅಲ್ಲಿಂದ ಹುತ್ರಿದುರ್ಗ ಕಾಣುವುದಿಲ್ಲ. ಆದರೂ ಅಂದಿನಿಂದ ಬೆಂಗಳೂರು ನನಗೆ ಬೇರೆಯವರ ಊರಾಗಿ ಉಳಿಯಲಿಲ್ಲ. ದೊಡ್ಡ ಊರಿಗೆ ಹೋದವರು ಅಲ್ಲಿ ತಮ್ಮದೊಂದು ಎಳೆ ಹುಡುಕಿಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹುಡುಕಿದರೆ ಸಿಗುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತು ಎಂದು ತಿಳಿದಾಗ, ಊರಿಗೊಂದು ದೊಡ್ಡ ಕೆರೆ ಇಟ್ಟುಕೊಂಡು ಬೆಳೆದ ಕುಣಿಗಲ್ಲಿನವರಿಗೆ ಆ ನಿಲ್ದಾಣದಲ್ಲಿ ಬಸ್ಸು ಹಿಡಿಯುವುದೇ ಬೇರೆ ಆಗುತ್ತದೆ.

ಇದಕ್ಕೆ ಎದುರಾಗಿ ನನಗೆ ನೆನಪಿರುವುದು ಶಾಲೆಯ ಪ್ರವಾಸ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಿದ ಬಸ್ಸದು. ಇಳಿಯುವುದು, ಸಾಲು ನಿಲ್ಲುವುದು, ತಲೆ ಎಣಿಸುವುದು, ಹತ್ತುವುದು. ಮೇಷ್ಟ್ರುಗಳಿಗೆ ಪಾಪ ಒಂದು ಮಗುವೂ ಕಳೆಯದೆ ವಾಪಸು ತರುವುದೇ ದೊಡ್ಡದಾಗಿತ್ತು. ಆ ದಿನದಿಂದ ನನ್ನಲ್ಲಿ ಉಳಿದಿರುವುದು ಮುಂದಿನ ಸೀಟಿನ ಹುಡುಗಿಯ ಜಡೆಯ ಕನಕಾಂಬರ ಮಾತ್ರ.

ಅತ್ತೆಯ ದಿನಗಳು ಹಾಗೇಕೆ ಅಳಿಸಿಹೋಗಲಿಲ್ಲ ಎಂದರೆ, ವಾಪಸು ಗಾಡಿಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಜನರ ನಡುವೆ ಜಾಗ ಮಾಡಿಕೊಂಡು ಕೂತು, ಗಾಡಿ ಯಶವಂತಪುರ ಬಿಟ್ಟ ಮೇಲೆ, ಪ್ರತಿಯೊಬ್ಬರೂ ಒಂದೊಂದು ಹೇಳಬೇಕು, ಬೇರೆಯವರು ಯಾರೂ ನೋಡಿರದ ಒಂದನ್ನು. ಅದಕ್ಕಾಗಿ ಇಡೀ ದಿನ ಎಲ್ಲರೂ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆವು. ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿಗೆ ಮರದ ಕೊಂಬೆ ಬಡಿದದ್ದು, ಮ್ಯೂಸಿಯಂ ಕಾವಲುಗಾರ ಬಾಗಿಲ ಹಿಂದೆ ಚಪ್ಪಲಿ ಹೊಲಿಸಿಕೊಳ್ಳುತ್ತಿದ್ದದ್ದು, ಲಾಲ್‌ಬಾಗಿನ ದೈತ್ಯ ಬೂರುಗದ ಮರದ ಬೇರಿನ ಸಂದಿಯಲ್ಲಿ ಒಬ್ಬ ಹುಡುಗ ಪರೀಕ್ಷೆಗೆ ಓದುತ್ತಿದ್ದದ್ದು. ಅತ್ತೆಯೂ ಹೇಳುತ್ತಿದ್ದರು. ಪಕ್ಕದ ಸೀಟಿನವರೂ ಒಮ್ಮೊಮ್ಮೆ ಸೇರಿಕೊಳ್ಳುವರು. ದಿನಾ ಅದೇ ಊರಿಗೆ ಹೋಗಿಬರುವ ಪಾಸಿನವರೊಬ್ಬರು ಒಮ್ಮೆ ಬಹಳ ಹೊತ್ತು ಯೋಚಿಸಿ, ಇಷ್ಟು ವರ್ಷದಲ್ಲಿ ತಾವು ಲಾಲ್‌ಬಾಗಿನ ಒಳಗೆ ಕಾಲಿಟ್ಟಿಲ್ಲವೆಂದರು. ಆಮೇಲೆ ಅವರು ಹೋದರೋ ಇಲ್ಲವೋ, ಹೋಗಿರಲಿ ಎಂದು ನನ್ನ ಆಸೆ.

ಒಂದು ಹಗಲಿನಲ್ಲಿ ಸಿಗದದ್ದೂ ಒಂದಿತ್ತು, ಅದು ಬೆಂಗಳೂರಿನ ಸಂಜೆ. ಗುಬ್ಬಿಯವರಿಗೆ ಇದು ಸಣ್ಣ ಕೊರತೆಯಲ್ಲ. ನಮ್ಮೂರಿನ ಹೆಸರು ನಾಡಿಗೆಲ್ಲ ಗೊತ್ತಾದದ್ದೇ ರಾತ್ರಿಯ ಆಟದಿಂದ. 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ, ಆಮೇಲೆ ಅದನ್ನು ಗುಬ್ಬಿ ಕಂಪನಿಯಾಗಿ ಬೆಳೆಸಿದ ವೀರಣ್ಣನವರು. ವೇದಿಕೆಯ ಮೇಲೆ ನಿಜವಾದ ಆನೆ, ಕುದುರೆ ತಂದ 'ಕುರುಕ್ಷೇತ್ರ'ದ ವರ್ಣನೆಯನ್ನು ತಾತನ ಬಾಯಲ್ಲಿ ಎಷ್ಟು ಸಲ ಕೇಳಿದ್ದೆವೋ. ಕಂಪನಿ ಒಂದು ಊರಿಗೆ ಹೋದರೆ ತಿಂಗಳುಗಟ್ಟಲೆ ಕ್ಯಾಂಪು. ನಾವು ಮಾತ್ರ ದೀಪ ಹತ್ತುವ ಮೊದಲೇ ಬೆಂಗಳೂರು ಬಿಡುವವರು. ರವೀಂದ್ರ ಕಲಾಕ್ಷೇತ್ರದ ಮುಂದೆ ಬಸ್ಸಿನಲ್ಲಿ ಹೋಗುವಾಗ ಅತ್ತೆ ಹೊರಗಿನ ಬೋರ್ಡು ಓದಿ, ಯಾವ ನಾಟಕ, ಎಷ್ಟು ಗಂಟೆಗೆ ಎಂದು ನೋಡಿ, ಸುಮ್ಮನಾಗುವರು. ಪರದೆ ಏಳುವ ಹೊತ್ತಿಗೆ ನಮ್ಮ ಗಾಡಿ ದೊಡ್ಡಬೆಲೆಯಲ್ಲೋ ನಿಡವಂದದಲ್ಲೋ ಇರುತ್ತಿತ್ತು.

ಕೆಲಸ ಸಿಕ್ಕಿದ ವರ್ಷ ನಾನು ಮಾಡಿದ ಮೊದಲ ಖರ್ಚು ಅದು, ಅತ್ತೆಯನ್ನು ಕರೆದುಕೊಂಡು ಹೋಗಿ ಬೆಂಗಳೂರಿನಲ್ಲಿ ಒಂದು ರಾತ್ರಿ ಉಳಿದದ್ದು. ಹಗಲು ಅವರು ಏನೂ ನೋಡಲು ಒಪ್ಪಲಿಲ್ಲ. ಗಾಂಧಿಬಜಾರಿನಲ್ಲಿ ಹೂವಿನ ಅಂಗಡಿಗಳ ಮುಂದೆ ಅಡ್ಡಾಡಿ, ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು, ಮಧ್ಯಾಹ್ನ ಮಲಗಿ ಎದ್ದು, ಸಂಜೆ ಕಲಾಕ್ಷೇತ್ರಕ್ಕೆ ಎಲ್ಲರಿಗಿಂತ ಮೊದಲೇ ಹೋಗಿ ಕೂತರು. ಅಂದಿನ ನಾಟಕದ ತಂಡದವರು ಗುಬ್ಬಿಯವರಲ್ಲ. ಆದರೂ ಮಧ್ಯಂತರದಲ್ಲಿ ಅತ್ತೆ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿಗೆ, ಬಿ.ವಿ. ಕಾರಂತರು ಚಿಕ್ಕವರಿದ್ದಾಗ ಗುಬ್ಬಿ ಕಂಪನಿಯಲ್ಲಿದ್ದರು, ಅವರನ್ನು ಓದಲು ಕಾಶಿಗೆ ಕಳಿಸಿದ್ದು ವೀರಣ್ಣನವರೇ ಎಂದು ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಆ ಎರಡು ದಿನದಲ್ಲಿ ನಾವು ನೋಡಿದ್ದು ಒಂದು ನಾಟಕ. ಅದಕ್ಕೇ ಅಂದು ಉಳಿದದ್ದು.

ಈ ಅಭ್ಯಾಸ ನನ್ನನ್ನು ಬೇರೆ ಊರುಗಳಲ್ಲೂ ಬಿಡಲಿಲ್ಲ. ಹೈದರಾಬಾದಿಗೆ ಕಚೇರಿ ಕೆಲಸಕ್ಕೆ ಹೋಗಿ ಅರ್ಧ ದಿನ ಮಿಕ್ಕಿದಾಗ ಜೊತೆಯವರು ಚಾರ್‌ಮಿನಾರ್, ಗೋಲ್ಕೊಂಡ, ಹುಸೇನ್ ಸಾಗರ ಎಂದು ಆಟೋ ಹಿಡಿದರು. ನಾನು ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ, ಅಲ್ಲಿಯೂ ಬೆನ್ಜೋನಿ ಕೆತ್ತಿದ ಮುಸುಕಿನ ರೆಬೆಕ್ಕಾಳ ಮುಂದೆ ಕೂತೆ. ಅಮೃತಶಿಲೆಯಲ್ಲೇ ತೆಳುವಾದ ಮುಸುಕು, ಮುಸುಕಿನ ಹಿಂದಿನ ಮುಖ. ಗಂಟೆಯ ಹೊತ್ತಿಗೆ ಅಂಗಳದ ಗಡಿಯಾರದ ಪುಟ್ಟ ಮನುಷ್ಯ ಹೊರಗೆ ಬಂದು ಜಾಗಟೆ ಬಾರಿಸುವುದನ್ನು ಮಕ್ಕಳ ಜೊತೆ ಕಾದು ನೋಡಿದೆ. ರಾತ್ರಿ ರೈಲಿನಲ್ಲಿ ಸಹೋದ್ಯೋಗಿಗಳು ತಮ್ಮ ಫೋಟೋ ತೋರಿಸಿದರು. ನನಗೆ ಅತ್ತೆಯ ಕಟ್ಟಳೆ ನೆನಪಾಗಿ, ಬೇರೆ ಯಾರೂ ನೋಡಿರದ ಒಂದನ್ನು ಹೇಳಿ ಎಂದು ಕೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರೇ ಹೇಳತೊಡಗಿದರು.

ಈಗ ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರುವುದು ಬಹಳ ಸಲೀಸು. 2017ರಲ್ಲಿ ಕುಣಿಗಲ್ಲಿಗೂ ರೈಲು ಬಂತು, ಅತ್ತೆ ತಮ್ಮ ಊರಿನಲ್ಲೇ ಗಾಡಿ ಹತ್ತುವಂತಾಯಿತು. 2024ರ ನವೆಂಬರಿನಲ್ಲಿ ಮೆಟ್ರೋದ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ಬಂದಿತು. ತುಮಕೂರಿನ ಬಸ್ಸಿನವರು ಅಲ್ಲೇ ಇಳಿದು, ಪೀಣ್ಯ, ಯಶವಂತಪುರಗಳ ದಟ್ಟಣೆಗೆ ಸಿಕ್ಕದೆ ಲಾಲ್‌ಬಾಗಿನ ಬಾಗಿಲಿಗೇ ಇಳಿಯಬಹುದು. ಆದರೆ ಉಳಿದ ಹೊತ್ತಿಗೆ ನಾವು ಇನ್ನಷ್ಟು ಜಾಗ ತುಂಬುತ್ತೇವೆ. ನನ್ನ ಅಣ್ಣನ ಮೊಮ್ಮಗಳು ಕಳೆದ ಬೇಸಿಗೆಯಲ್ಲಿ ಫೋನಿನಲ್ಲಿ ಪಟ್ಟಿ ಮಾಡಿಕೊಂಡು ಬಂದಳು. ತಾರಾಲಯ, ಅಕ್ವೇರಿಯಂ, ವಿಶ್ವೇಶ್ವರಯ್ಯ ಮ್ಯೂಸಿಯಂ, ಲಾಲ್‌ಬಾಗ್, ಎರಡು ಮಾಲ್. ತುಮಕೂರಿನ ನಮ್ಮ ಮನೆಗೆ ಬಂದಿದ್ದ ಅತ್ತೆ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಪೂರ್ತಿ ಓದಿಸಿಕೊಂಡು, "ಒಂದು ಹೇಳವ್ವ" ಎಂದರು.

ಅವಳು ಬಹಳ ಹೊತ್ತು ಯೋಚಿಸಿ, ಮೆಟ್ರೋ ಎಂದಳು. ಮೆಟ್ರೋದಲ್ಲಿ ಎಲ್ಲಿಗೆ ಎಂದು ನಾನು ಕೇಳಿದೆ. ಎಲ್ಲಿಗೂ ಅಲ್ಲ, ಈ ತುದಿಯಿಂದ ಆ ತುದಿಗೆ. ನಾನು ಏನೋ ಹೇಳಲು ಹೋದೆ, ಅತ್ತೆ ಕೈ ಎತ್ತಿ ತಡೆದರು. "ಅವಳು ಆರಿಸಿದ್ದಾಳೆ. ಅದನ್ನೇ ಸರಿಯಾಗಿ ನೋಡೋಣ."

ಹಾಗೆಯೇ ಹೋದೆವು. ಬೆಳಗಿನ ಬಸ್ಸು, ಮಾದಾವರ, ಮೊದಲ ಬೋಗಿ. ಪೀಣ್ಯದ ಕಾರ್ಖಾನೆಗಳ ಸೂರು ಕೆಳಗೆ ಸರಿಯುತ್ತಿತ್ತು. ಸಂಪಿಗೆ ರಸ್ತೆ ದಾಟಿ ಗಾಡಿ ನೆಲದೊಳಗೆ ಇಳಿಯಿತು. ಮೆಜೆಸ್ಟಿಕ್ ಬಂದಾಗ ಅತ್ತೆ ಅವಳಿಗೆ, ಈಗ ನಾವು ಹಳೇ ಕೆರೆಯಂಗಳದ ಅಡಿಯಲ್ಲಿದ್ದೇವೆ ಎಂದರು. ಅವಳು ನಂಬಲಿಲ್ಲ, ಸುತ್ತ ನೋಡಿದಳು. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ಮತ್ತೆ ಬೆಳಕು, ನ್ಯಾಷನಲ್ ಕಾಲೇಜು. ಲಾಲ್‌ಬಾಗಿನ ಮರಗಳ ತಲೆಯನ್ನು ಎತ್ತರದಿಂದ ನೋಡಿದ್ದು ಅತ್ತೆಗೂ ಅದೇ ಮೊದಲು, ಎದ್ದು ನಿಂತು ಕಂಬಿ ಹಿಡಿದು ನೋಡಿದರು. ರೇಷ್ಮೆ ಸಂಸ್ಥೆ ನಿಲ್ದಾಣದವರೆಗೂ ಹೋಗಿ, ಕಾಫಿ ಕುಡಿದು, ಅದೇ ದಾರಿಯಲ್ಲಿ ಹಿಂದಕ್ಕೆ.

ತುಮಕೂರಿನ ಬಸ್ಸಿನಲ್ಲಿ ಹುಡುಗಿ ತಾನಾಗಿಯೇ ಮುಂದಿನ ಸಲದ ಮಾತೆತ್ತಿದಳು. ಅವಳಿಗೆ ತಾರಾಲಯ ಬೇಕು. ಅತ್ತೆಗೆ ಅವಳನ್ನು ಕಾಳಿಯ ಕಲ್ಲಿನ ಮುಂದೆ ನಿಲ್ಲಿಸಬೇಕು. ದಾಬಸ್‌ಪೇಟೆ ದಾಟಿದರೂ ವಾದ ಮುಗಿಯಲಿಲ್ಲ. ಅವಳು ಎರಡನ್ನೂ ಒಂದೇ ದಿನ ನೋಡೋಣ ಎಂದಾಗ ಅತ್ತೆ, "ಆಗಲ್ಲ ಕಣವ್ವ, ಯಾವ್ದಾದ್ರೂ ಒಂದು. ಆದ್ರೆ ಸೋಮವಾರ ಬೇಡ, ಎರಡೂ ಮುಚ್ಚಿರ್ತವೆ" ಎಂದರು.